ಕೆರೆಯ ದೊಡ್ಡ ಹುಳುಗಳು ಎಲ್ಲಿ ಹೋದವು? ನೀರಿನ ಪ್ರಾಣಿಗಳ ಗಾತ್ರದ ಲೆಕ್ಕ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮೂರು ವರ್ಷ ಬತ್ತಿ ಬಿದ್ದಿದ್ದ ಕೆರೆ ತುಂಬಿದ ಹೊಸತರಲ್ಲಿ, ಒಂದು ಚೊಂಬು ನೀರನ್ನು ಬೆಳಕಿಗೆ ಹಿಡಿದರೆ ಅಕ್ಕಿ ನುಚ್ಚಿನಷ್ಟು ದೊಡ್ಡ ಹುಳುಗಳು ಕುಪ್ಪಳಿಸುತ್ತ ಈಜುವುದು ಬರಿಗಣ್ಣಿಗೇ ಕಾಣುತ್ತಿತ್ತು. ಆಮೇಲೆ ಮೀನುಮರಿ ಬಿಟ್ಟರು. ಐದಾರು ತಿಂಗಳಲ್ಲಿ ಆ ಹುಳುಗಳು ಕಾಣೆಯಾದವು, ನೀರೂ ಹಸಿರಾಯಿತು. ಆದರೆ ಮಗಳ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಪುಟ್ಟ ಹುಳುಗಳು ಮೊದಲಿಗಿಂತ ಹೆಚ್ಚಾಗಿಯೇ ಇವೆ. ಮೀನು ತಿನ್ನುವುದಾದರೆ ಎಲ್ಲವನ್ನೂ ತಿನ್ನಬೇಕಲ್ಲವೇ? ದೊಡ್ಡವು ಮಾತ್ರ ಏಕೆ ಹೋದವು? ನೀರಿನ ಪ್ರಾಣಿಗಳ ಗಾತ್ರಕ್ಕೆ ಏನಾದರೂ ನಿಯಮವಿದೆಯೇ? ಸಮುದ್ರದಲ್ಲೂ ಹೀಗೆಯೇ ನಡೆಯುತ್ತದೆಯೇ?

ಉತ್ತರ: ನೀವು ಚೊಂಬಿನಲ್ಲಿ ಕಂಡದ್ದು ಬಹುಮಟ್ಟಿಗೆ ಡಾಫ್ನಿಯಾ ಅಥವಾ ಅದರ ಹತ್ತಿರದ ಸಂಬಂಧಿ. ಕುಪ್ಪಳಿಸುವಂತೆ ಈಜುವುದರಿಂದ ಇದಕ್ಕೆ ನೀರಿನ ಚಿಗಟ ಎಂಬ ಹೆಸರು ಬಂದಿದೆ. ಆದರೆ ಇದು ಕೀಟವಲ್ಲ, ಸೀಗಡಿ ಮತ್ತು ಏಡಿಗಳ ಬಳಗಕ್ಕೆ ಸೇರಿದ ಪ್ರಾಣಿ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ನೇರ ಉತ್ತರ ಇಷ್ಟು: ಮೀನು ಎಲ್ಲವನ್ನೂ ತಿನ್ನುವುದಿಲ್ಲ, ತನಗೆ ಕಾಣುವುದನ್ನು ತಿನ್ನುತ್ತದೆ, ಮತ್ತು ನೀರಿನಲ್ಲಿ ದೊಡ್ಡದು ದೂರದಿಂದಲೇ ಕಾಣುತ್ತದೆ. ಎರಡನೆಯ ಭಾಗಕ್ಕೆ ಉತ್ತರ ಸ್ವಲ್ಪ ದೀರ್ಘವಾದದ್ದು. ನೀರಿನಲ್ಲಿ ಯಾವ ಪ್ರಾಣಿ ಎಂಬುದಕ್ಕಿಂತ ಎಷ್ಟು ದೊಡ್ಡ ಪ್ರಾಣಿ ಎಂಬುದೇ ಅದರ ಬದುಕನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ ಎನ್ನುವುದು ನನ್ನ ದೃಢವಾದ ಅಭಿಪ್ರಾಯ, ಅದನ್ನು ನಿಮ್ಮ ಕೆರೆಯಿಂದಲೇ ಹೊರಟು ವಿವರಿಸುತ್ತೇನೆ.

ನೀವು ಗಮನಿಸಿದ್ದನ್ನೇ ಅಮೆರಿಕದ ಇಬ್ಬರು ವಿಜ್ಞಾನಿಗಳು ಅಳತೆಯೊಂದಿಗೆ ತೋರಿಸಿಕೊಟ್ಟರು. ಕನೆಕ್ಟಿಕಟ್ ರಾಜ್ಯದ ಕ್ರಿಸ್ಟಲ್ ಲೇಕ್ ಎಂಬ ಸರೋವರದಲ್ಲಿ 1942ರಲ್ಲಿ ತೆಗೆದ ಪ್ರಾಣಿಪ್ಲವಕಗಳ, ಎಂದರೆ ನೀರಿನಲ್ಲಿ ತೇಲಾಡುವ ಸಣ್ಣ ಪ್ರಾಣಿಗಳ ಲೆಕ್ಕವಿತ್ತು. ಆಮೇಲೆ ಆ ಸರೋವರಕ್ಕೆ ಪ್ಲವಕಗಳನ್ನೇ ತಿಂದು ಬದುಕುವ, ಹೆರಿಂಗ್ ಜಾತಿಯ ಒಂದು ಮೀನು ಸೇರಿಕೊಂಡಿತು. ಜಾನ್ ಬ್ರೂಕ್ಸ್ ಮತ್ತು ಸ್ಟ್ಯಾನ್ಲಿ ಡಾಡ್ಸನ್ 1964ರಲ್ಲಿ ಮತ್ತೆ ಅಲ್ಲಿಯ ನೀರನ್ನು ಸೋಸಿ ನೋಡಿದಾಗ, ಮೊದಲು ಹೇರಳವಾಗಿದ್ದ ಡಾಫ್ನಿಯಾ ಮತ್ತಿತರ ದೊಡ್ಡ ಪ್ಲವಕಗಳು ಇಲ್ಲವೇ ಇಲ್ಲವೆಂಬಷ್ಟು ಕಡಿಮೆಯಾಗಿ, ಬೊಸ್ಮಿನಾದಂತಹ ಪುಟ್ಟವು ಅವುಗಳ ಜಾಗದಲ್ಲಿ ತುಂಬಿಕೊಂಡಿದ್ದವು. ಮೊದಲು ಸುಮಾರು 0.8 ಮಿಲಿಮೀಟರ್ ಉದ್ದದ ಪ್ರಾಣಿಗಳು ಅತಿ ಹೆಚ್ಚು ಸಂಖ್ಯೆಯಲ್ಲಿದ್ದರೆ, ಮೀನು ಬಂದ ಮೇಲೆ ಆ ಸ್ಥಾನ ಸುಮಾರು 0.3 ಮಿಲಿಮೀಟರಿಗೆ ಇಳಿದಿತ್ತು. 1965ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಸ್ವಲ್ಪ ಮೊದಲೇ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಯಾರೊಸ್ಲಾವ್ ಹ್ರ್ಬಾಚೆಕ್ ಮೀನಿರುವ ಮತ್ತು ಮೀನಿಲ್ಲದ ಕೊಳಗಳನ್ನು ಹೋಲಿಸಿ ಇದೇ ಮಾತನ್ನು ಹೇಳಿದ್ದರು. ಎರಡು ದೇಶಗಳಲ್ಲಿ, ಬೇರೆ ಬೇರೆ ಮೀನುಗಳಿಂದ, ಒಂದೇ ಫಲಿತಾಂಶ ಬಂದಿತ್ತು.

ಮೀನು ಹೇಗೆ ಆರಿಸುತ್ತದೆ ಎಂಬುದನ್ನು 1974ರಲ್ಲಿ ಅರ್ಲ್ ವರ್ನರ್ ಮತ್ತು ಡೊನಾಲ್ಡ್ ಹಾಲ್ ಬ್ಲೂಗಿಲ್ ಎಂಬ ಮೀನಿಗೆ ಬೇರೆ ಬೇರೆ ಗಾತ್ರದ ಡಾಫ್ನಿಯಾ ಕೊಟ್ಟು ಪರೀಕ್ಷಿಸಿದರು. ಆಹಾರ ವಿರಳವಾಗಿದ್ದಾಗ ಮೀನು ಎದುರಿಗೆ ಸಿಕ್ಕಿದ್ದನ್ನೆಲ್ಲ ನುಂಗಿತು. ಹೇರಳವಾಗಿದ್ದಾಗ ಸಣ್ಣವನ್ನು ಬಿಟ್ಟು ದೊಡ್ಡವನ್ನೇ ಹೆಕ್ಕಿ ತಿಂದಿತು. ಒಂದು ಸಲ ಬಾಯಿ ಹಾಕುವ ಶ್ರಮ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆದರೂ, ದೊಡ್ಡದರಲ್ಲಿ ಸಿಗುವ ಆಹಾರ ಹಲವು ಪಟ್ಟು ಹೆಚ್ಚು: ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಇಲ್ಲಿ ಗಾತ್ರ ಎಂದರೆ ಮೈಯ ಉದ್ದ ಮಾತ್ರವಲ್ಲ, ಕಣ್ಣಿಗೆ ಬೀಳುವ ಗಾತ್ರವೂ ಹೌದು. ಈ ಪ್ರಾಣಿಗಳ ಮೈ ಬಹುಪಾಲು ಪಾರದರ್ಶಕ. ಎದ್ದು ಕಾಣುವುದು ತಲೆಯಲ್ಲಿರುವ ಒಂಟಿ ಕಪ್ಪು ಕಣ್ಣು. ಪನಾಮಾದ ಗಾಟುನ್ ಸರೋವರದಲ್ಲಿ ಒಂದೇ ಜಾತಿಯ ಪ್ಲವಕದಲ್ಲಿ ಕಣ್ಣಿನ ಕಪ್ಪು ಹೆಚ್ಚಿರುವ ಮತ್ತು ಕಡಿಮೆಯಿರುವ ಎರಡು ಬಗೆಗಳಿದ್ದು, ಮೀನುಗಳು ದೊಡ್ಡ ಕಪ್ಪು ಕಣ್ಣಿನವನ್ನೇ ಹೆಚ್ಚು ತಿನ್ನುತ್ತಿದ್ದುದನ್ನು ಥಾಮಸ್ ಝಾರೆಟ್ 1970ರ ದಶಕದ ಆರಂಭದಲ್ಲಿ ತೋರಿಸಿದರು.

ನಿಮ್ಮ ಕೆರೆಗೆ ಬಿಟ್ಟದ್ದು ಕಟ್ಲಾ, ರೋಹು, ಮೃಗಾಲ್ ಮರಿಗಳೇ ಆಗಿದ್ದರೆ ಇನ್ನೊಂದು ಮಾತು ಸೇರಿಸಬೇಕು. ಕಟ್ಲಾ ಕಣ್ಣಿನಿಂದ ಹೆಕ್ಕುವ ಮೀನಲ್ಲ. ಅದು ಮೇಲ್ನೀರಿನಲ್ಲಿ ಬಾಯ್ದೆರೆದು ಸಾಗುತ್ತ, ಕಿವಿರುಗಳ ಒಳಬದಿಯಲ್ಲಿರುವ ಬಾಚಣಿಗೆಯಂತಹ ಎಳೆಗಳಿಂದ ನೀರನ್ನು ಸೋಸುತ್ತದೆ. ಹಾಗಾದರೆ ಸಣ್ಣದು ದೊಡ್ಡದು ಎಂಬ ಭೇದ ಇರಬಾರದಲ್ಲ ಎಂದು ಅನ್ನಿಸಬಹುದು. ಆದರೆ ಜರಡಿಗೂ ಒಂದು ಕಣ್ಣಿನಳತೆ ಇದೆ: ರಾಗಿ ಜರಡಿಯಲ್ಲಿ ಹಿಟ್ಟು ಇಳಿದು ಕಾಳು ನಿಲ್ಲುವಂತೆ, ಇಲ್ಲಿಯೂ ದೊಡ್ಡ ಡಾಫ್ನಿಯಾ ಸಿಕ್ಕಿಬಿದ್ದು ರೋಟಿಫರ್ ಎಂಬ ಅತಿ ಪುಟ್ಟ ಪ್ಲವಕ ಜಾರಿಹೋಗುವ ಸಾಧ್ಯತೆ ಹೆಚ್ಚು. ಸಣ್ಣವು ಬೇಗ ಮರಿ ಹಾಕುತ್ತವೆ ಎಂಬುದೂ ಮುಖ್ಯ. ಬೆಚ್ಚಗಿನ ನೀರಿನಲ್ಲಿ ರೋಟಿಫರ್‌ಗೆ ಒಂದು ತಲೆಮಾರು ಕೆಲವೇ ದಿನಗಳದ್ದು; ತಿಂದಷ್ಟನ್ನೂ ಅದು ತುಂಬಿಕೊಳ್ಳಬಲ್ಲದು. ದೊಡ್ಡ ಡಾಫ್ನಿಯಾ ಬೆಳೆದು ಮೊಟ್ಟೆ ಹೊರುವ ಗಾತ್ರಕ್ಕೆ ಬರುವಷ್ಟರಲ್ಲಿ ಮೀನಿನ ಬಾಯಿಗೆ ತಕ್ಕ ಗಾತ್ರಕ್ಕೂ ಬಂದಿರುತ್ತದೆ.

ಮೀನು ಬಂದ ಮೇಲೆ ಪುಟ್ಟವು ಉಳಿದವು ಎಂಬಷ್ಟಕ್ಕೆ ನಿಲ್ಲದೆ ಅವು ಹೆಚ್ಚಾದವು ಎಂದೂ ನೀವು ಗಮನಿಸಿದ್ದೀರಿ. ಇದು ಬಹಳ ಒಳ್ಳೆಯ ಗಮನಿಕೆ, ಏಕೆಂದರೆ ಕಥೆಯ ಇನ್ನರ್ಧ ಅದರಲ್ಲಿದೆ. ಮೀನಿಲ್ಲದ ನೀರಿನಲ್ಲಿ ಪುಟ್ಟವು ಏಕೆ ಕಡಿಮೆ ಇರುತ್ತವೆ? ಬ್ರೂಕ್ಸ್ ಮತ್ತು ಡಾಡ್ಸನ್ ಕೊಟ್ಟ ಕಾರಣ ಪೈಪೋಟಿ: ದೊಡ್ಡ ಡಾಫ್ನಿಯಾ ಪಾಚಿಯನ್ನು ಹೆಚ್ಚು ದಕ್ಷವಾಗಿ, ಹೆಚ್ಚು ವಿಧದ ಕಣಗಳನ್ನು ಸೋಸಿ ತಿನ್ನುವುದರಿಂದ ಸಣ್ಣವಕ್ಕೆ ಮೇವು ಸಾಲುವುದಿಲ್ಲ. ಆಮೇಲಿನ ವರ್ಷಗಳ ಅಧ್ಯಯನಗಳು ಇದಕ್ಕೆ ಮತ್ತೊಂದು ಕಾರಣವನ್ನು ಸೇರಿಸಿದವು. ಮೀನಿಲ್ಲದ ಕೊಳದಲ್ಲಿ ಬೇಟೆಗಾರರೇ ಇಲ್ಲವೆಂದಲ್ಲ. ಸೈಕ್ಲಾಪ್ಸ್‌ನಂತಹ ಹಿಡಿದು ತಿನ್ನುವ ಪ್ಲವಕಗಳು, ಕೆಲವು ನೊಣಗಳ ಮರಿಹುಳುಗಳು, ಬೆನ್ನು ಕೆಳಗಾಗಿ ಈಜುವ ನೀರುತಿಗಣೆಗಳು ಅಲ್ಲಿ ಇರುತ್ತವೆ. ಇವುಗಳಲ್ಲಿ ಬಹುಪಾಲಿನ ಹಿಡಿತಕ್ಕೆ ಸಿಗುವುದು ಸಣ್ಣ ಬೇಟೆ. ಎಂದರೆ ಮೀನಿಲ್ಲದಾಗ ಅಪಾಯ ಸಣ್ಣವಕ್ಕೆ, ಮೀನಿದ್ದಾಗ ಅಪಾಯ ದೊಡ್ಡವಕ್ಕೆ. ಮೀನು ಬಂದಾಗ ದೊಡ್ಡ ಡಾಫ್ನಿಯಾಗಳ ಜೊತೆಗೆ ಈ ಸಣ್ಣ ಬೇಟೆಗಾರರನ್ನೂ ತಿಂದುಹಾಕುತ್ತದೆ, ಪುಟ್ಟವಕ್ಕೆ ಪೈಪೋಟಿಯೂ ತಪ್ಪಿ ಶತ್ರುವೂ ತಪ್ಪುತ್ತದೆ. ಒಂದು ಕೆರೆಯ ಪ್ಲವಕಗಳ ಗಾತ್ರವನ್ನು ಅಳೆದರೆ ಅಲ್ಲಿ ಯಾರು ಯಾರನ್ನು ತಿನ್ನುತ್ತಿದ್ದಾರೆ ಎಂಬುದನ್ನು, ಬಲೆ ಹಾಕಿ ಮೀನು ಹಿಡಿಯದೆಯೇ, ತಕ್ಕಮಟ್ಟಿಗೆ ಹೇಳಬಹುದು ಎನ್ನುವುದು ಇದರಿಂದಲೇ.

ಮೀನಿಲ್ಲದ ನೀರು ಹೇಗಿರುತ್ತದೆ ಎಂಬುದನ್ನು ನೋಡುವುದಕ್ಕೆ ನೀವು ದೂರ ಹೋಗಬೇಕಾಗಿಲ್ಲ. ನಿಮ್ಮ ಕಡೆಯ ಕಲ್ಲುಬೆಟ್ಟಗಳ ಮೇಲೆ ಮಳೆಗಾಲದಲ್ಲಿ ನೀರು ನಿಲ್ಲುವ ದೊಣೆಗಳಿವೆಯಲ್ಲ, ಮಳೆ ಬಿದ್ದು ಎರಡು ಮೂರು ವಾರ ಕಳೆದ ಮೇಲೆ ಅಂತಹದೊಂದರ ಬಳಿ ನೆರಳು ಬೀಳದಂತೆ ಕುಳಿತು ನೋಡಿ. ಅದೃಷ್ಟವಿದ್ದರೆ ಫೇರಿ ಶ್ರಿಂಪ್ ಎಂಬ ಪ್ರಾಣಿ ಕಾಣುತ್ತದೆ. ನಾನು ಮೊದಲ ಬಾರಿ ಕಂಡ ದೊಣೆ ಎಮ್ಮೆ ಮಲಗುವಷ್ಟು ಅಗಲ, ಮೊಳಕಾಲುದ್ದ ಆಳ. ಎರಡು ಸೆಂಟಿಮೀಟರ್ ಉದ್ದದ, ಗಾಜಿನಂತಹ ಮೈಯ ಪ್ರಾಣಿಗಳು ಹೊಟ್ಟೆ ಮೇಲಾಗಿ ಈಜುತ್ತಿದ್ದವು. ಎಲೆಯಂತಹ ಹನ್ನೊಂದು ಜೊತೆ ಕಾಲುಗಳು, ಗಾಳಿಗೆ ಭತ್ತದ ಗದ್ದೆ ಬಾಗುವ ಹಾಗೆ, ಒಂದರ ಹಿಂದೊಂದು ಅಲೆಯಾಗಿ ಆಡುತ್ತಿದ್ದವು. ಹೆಣ್ಣುಗಳು ಬಾಲದ ಬುಡದಲ್ಲಿ ಮೊಟ್ಟೆಯ ಚೀಲ ಹೊತ್ತಿದ್ದವು. ಒಂದು ಅಂಗೈಯಗಲ ನೀರಿನಲ್ಲಿ ಐದಾರು ಪ್ರಾಣಿಗಳು, ಅವಿತುಕೊಳ್ಳುವ ಯಾವ ಪ್ರಯತ್ನವೂ ಇಲ್ಲದೆ. ಇಷ್ಟು ದೊಡ್ಡದಾಗಿ, ಇಷ್ಟು ನಿಧಾನವಾಗಿ, ಇಷ್ಟು ಬಯಲಾಗಿ ಬದುಕುವ ಪ್ರಾಣಿ ಮೀನಿರುವ ಕೆರೆಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ದೊಣೆ ಪ್ರತಿ ವರ್ಷ ಬತ್ತುವುದರಿಂದ ಅಲ್ಲಿ ಮೀನು ನೆಲೆಸಲಾರದು. ಇವುಗಳ ಮೊಟ್ಟೆಯಾದರೋ ಕಲ್ಲಿನ ಬಿಸಿಲಿನಲ್ಲಿ ಒಣಗಿದ ಮಣ್ಣಿನೊಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಮುಂದಿನ ಮಳೆಗೆ ಒಡೆಯುತ್ತದೆ. ನಿಮ್ಮ ಕೆರೆ ಮೂರು ವರ್ಷ ಬತ್ತಿದ್ದಾಗ ನಡೆದದ್ದೂ ಇದೇ. ಬರ ಮೀನುಗಳನ್ನು ಅಳಿಸಿತು, ಡಾಫ್ನಿಯಾದ ಕಪ್ಪನೆಯ, ಕುದುರೆಯ ಜೀನಿನ ಆಕಾರದ ಗಟ್ಟಿಮೊಟ್ಟೆಗಳು ಹೂಳಿನಲ್ಲಿ ಕಾದಿದ್ದವು. ಕೆರೆ ತುಂಬಿದ ಮೊದಲ ತಿಂಗಳುಗಳಲ್ಲಿ ನಿಮ್ಮ ಕೆರೆ ಒಂದು ದೊಡ್ಡ ದೊಣೆಯಾಗಿತ್ತು.

ನಮ್ಮ ಕೆರೆಗಳಲ್ಲಿ ದೊಡ್ಡ ಡಾಫ್ನಿಯಾ ಯುರೋಪಿನ ಸರೋವರಗಳಷ್ಟು ಸಾಮಾನ್ಯವಲ್ಲ. ಉಷ್ಣವಲಯದ ನೀರುಗಳಲ್ಲೆಲ್ಲ ಪ್ಲವಕಗಳು ಒಟ್ಟಾರೆ ಸಣ್ಣವು. ಮೊಯ್ನಾ, ಸೀರಿಯೊಡಾಫ್ನಿಯಾ, ಡಯಾಫನೊಸೊಮಾದಂತಹವೇ ಹೆಚ್ಚು. ತಂಪು ದೇಶಗಳಲ್ಲಿ ಮೀನಿನ ಮರಿಗಳು ವಸಂತದಲ್ಲಿ ಒಂದು ಸಲ ಹುಟ್ಟುವುದರಿಂದ ಡಾಫ್ನಿಯಾಕ್ಕೆ ವರ್ಷದಲ್ಲಿ ಕೆಲವು ವಾರಗಳ ಬಿಡುವಾದರೂ ಸಿಗುತ್ತದೆ. ನಮ್ಮಲ್ಲಿ ಅನೇಕ ಸಣ್ಣ ಮೀನುಗಳು, ಅದರಲ್ಲೂ ಜಿಲೇಬಿ ಮೀನು ಎಂದು ನಾವು ಕರೆಯುವ ತಿಲಾಪಿಯಾ, ವರ್ಷವಿಡೀ ಮರಿ ಮಾಡುತ್ತವೆ. ಪ್ಲವಕಕ್ಕೆ ಬಿಡುವೇ ಇಲ್ಲ. ಈ ಒತ್ತಡದಲ್ಲೂ ದೊಡ್ಡದಾಗಿ ಬದುಕುವ ಒಂದು ದಾರಿಯನ್ನು ಡಾಫ್ನಿಯಾ ಲುಮ್‌ಹೊಲ್ಟ್ಜಿ ಎಂಬ ಜಾತಿ ಕಂಡುಕೊಂಡಿದೆ. ಮೀನಿನ ವಾಸನೆ ನೀರಿನಲ್ಲಿ ಸೇರಿದಾಗ ಅದು ತಲೆಯ ಮೇಲೆ ಚೂಪಾದ ಶಿರಸ್ತ್ರಾಣವನ್ನೂ ಹಿಂದೆ ಉದ್ದನೆಯ ಮುಳ್ಳನ್ನೂ ಬೆಳೆಸಿಕೊಳ್ಳುತ್ತದೆ, ಇವೆರಡೂ ಸೇರಿ ಮೈಯ ಉದ್ದವನ್ನೇ ಮೀರುವುದುಂಟು. ಸಣ್ಣ ಮೀನಿನ ಬಾಯಿಗೆ ಅದು ನುಂಗಲಾರದ ತುತ್ತು.

ಇಲ್ಲಿಂದ ದೊಡ್ಡ ಪ್ರಶ್ನೆಗೆ ಬರುತ್ತೇನೆ. ನೆಲದ ಮೇಲೆ ಹಸು ಹುಲ್ಲು ತಿನ್ನುತ್ತದೆ, ಇಲಿ ಕಾಳು ತಿನ್ನುತ್ತದೆ, ಕಂಬಳಿಹುಳು ತನಗಿಂತ ಲಕ್ಷಾಂತರ ಪಟ್ಟು ದೊಡ್ಡದಾದ ಮರವನ್ನು ತಿನ್ನುತ್ತದೆ. ತಿನ್ನುವುದಕ್ಕೂ ಗಾತ್ರಕ್ಕೂ ಅಲ್ಲಿ ಅಷ್ಟು ಬಿಗಿಯಾದ ನಂಟಿಲ್ಲ. ತೆರೆದ ನೀರಿನಲ್ಲಿ ಆಹಾರದ ಬುಡವೇ ಕಣ್ಣಿಗೆ ಕಾಣದಷ್ಟು ಸಣ್ಣದು. ಸಾಗರದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಪ್ರೊಕ್ಲೊರೊಕಾಕಸ್ ಎಂಬ ಹಸಿರು ಜೀವಿ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಸಣ್ಣದು. ಇಷ್ಟು ಸಣ್ಣದನ್ನು ಕಚ್ಚಿ ತಿನ್ನಲಾಗದು, ಇಡಿಯಾಗಿ ನುಂಗಬೇಕು. ಅದನ್ನು ನುಂಗಿದವನನ್ನು ಅವನಿಗಿಂತ ದೊಡ್ಡವನು ನುಂಗಬೇಕು. ಹೀಗೆ ಪ್ರತಿ ಹಂತದಲ್ಲೂ ತಿನ್ನುವವನು ತಿನ್ನಿಸಿಕೊಳ್ಳುವವನಿಗಿಂತ ನೂರರಿಂದ ಹತ್ತು ಸಾವಿರ ಪಟ್ಟು ಹೆಚ್ಚು ತೂಕದವನಾಗಿರುವುದು ಸಾಮಾನ್ಯ. ಆಹಾರ ಸರಪಳಿಯಲ್ಲಿ ಗಾತ್ರದ ಮಹತ್ವವನ್ನು ಬ್ರಿಟನ್ನಿನ ಚಾರ್ಲ್ಸ್ ಎಲ್ಟನ್ 1927ರಲ್ಲೇ ಎತ್ತಿ ಹೇಳಿದ್ದರು. ನೀರಿನಲ್ಲಿ ಅದು ಎಷ್ಟು ಕರಾರುವಾಕ್ಕಾಗಿ ನಡೆಯುತ್ತದೆ ಎಂಬುದು ತಿಳಿದದ್ದು ಆಮೇಲೆ.

ತಿಳಿದ ಬಗೆ ಸ್ವಾರಸ್ಯವಾದದ್ದು. ಕೆನಡಾದ ಹಡ್ಸನ್ ಎಂಬ ಸಂಶೋಧನಾ ಹಡಗು 1970ರಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳನ್ನು ಒಂದು ಸುತ್ತು ಹಾಕಿತು. ಆ ಯಾನದಲ್ಲಿ ತೆಗೆದ ನೀರಿನ ಕಣಗಳನ್ನು, ರಕ್ತಕಣ ಎಣಿಸಲು ಬಳಸುವ ಕೌಲ್ಟರ್ ಕೌಂಟರ್ ಎಂಬ ಯಂತ್ರದಲ್ಲಿ ಹಾಯಿಸಿ, ಜಾತಿ ಹೆಸರು ಯಾವುದನ್ನೂ ನೋಡದೆ ಗಾತ್ರವನ್ನಷ್ಟೇ ಎಣಿಸಲಾಯಿತು. ಶೆಲ್ಡನ್, ಪ್ರಕಾಶ್ ಮತ್ತು ಸಟ್‌ಕ್ಲಿಫ್ 1972ರಲ್ಲಿ ಪ್ರಕಟಿಸಿದ ಫಲಿತಾಂಶ ಅಚ್ಚರಿ ಹುಟ್ಟಿಸುವಂತಿತ್ತು: ಗಾತ್ರವನ್ನು ಒಂದರಿಂದ ಹತ್ತು, ಹತ್ತರಿಂದ ನೂರು, ನೂರರಿಂದ ಸಾವಿರ ಎಂದು ಸಮ ಅನುಪಾತದ ಮೆಟ್ಟಿಲುಗಳಾಗಿ ವಿಂಗಡಿಸಿದರೆ ಪ್ರತಿ ಮೆಟ್ಟಿಲಿನಲ್ಲೂ ಇರುವ ಜೀವರಾಶಿಯ ಒಟ್ಟು ತೂಕ ಹೆಚ್ಚುಕಡಿಮೆ ಒಂದೇ. ಇದು ಬ್ಯಾಕ್ಟೀರಿಯಾದಿಂದ ತಿಮಿಂಗಿಲದವರೆಗೂ ನಡೆಯಬಹುದೆಂದು ಅವರು ಊಹಿಸಿದರು. ಒಂದು ಪ್ರಾಣಿಯ ತೂಕ ಹತ್ತು ಪಟ್ಟು ಹೆಚ್ಚಿದರೆ ಅಂತಹ ಪ್ರಾಣಿಗಳ ಸಂಖ್ಯೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ಇದೇ ಮಾತಿನ ಇನ್ನೊಂದು ರೂಪ. 2021ರಲ್ಲಿ ಇಯಾನ್ ಹ್ಯಾಟನ್ ಮತ್ತು ಸಂಗಡಿಗರು ಇಡೀ ಸಾಗರದ ಅಂಕಿಅಂಶಗಳನ್ನು ಕೂಡಿಸಿ ನೋಡಿದಾಗ, ತೂಕದ ಪ್ರತಿ ಹತ್ತುಪಟ್ಟು ಮೆಟ್ಟಿಲಿನಲ್ಲಿ, ಮನುಷ್ಯನ ಕೈ ಬೀಳುವ ಮೊದಲಿನ ಸ್ಥಿತಿಯಲ್ಲಿ, ಸುಮಾರು 100 ಕೋಟಿ ಟನ್ ಜೀವರಾಶಿ ಇತ್ತೆಂದು ಕಂಡುಬಂದಿತು.

ಒಂದೇ ತೂಕ ಏಕೆ ಬರಬೇಕು? ಒಂದು ಹಂತದಿಂದ ಮೇಲಿನ ಹಂತಕ್ಕೆ ಆಹಾರದ ಶಕ್ತಿ ಹೋಗುವಾಗ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ದಾಟುತ್ತದೆ ಎಂದು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು. ಹಾಗಿದ್ದರೆ ಮೇಲಿನ ಹಂತದ ತೂಕವೂ ಹತ್ತನೆಯ ಒಂದಕ್ಕೆ ಇಳಿಯಬೇಕಿತ್ತು. ಆದರೆ ದೊಡ್ಡ ಪ್ರಾಣಿಗೆ ಕಿಲೋ ಒಂದಕ್ಕೆ ಬೇಕಾಗುವ ಆಹಾರ ಕಡಿಮೆ. ಒಂದು ಆನೆಗೆ ದಿನಕ್ಕೆ ಬೇಕಾಗುವ ಮೇವು, ಆನೆಯಷ್ಟೇ ತೂಕದ ಇಲಿಗಳ ಹಿಂಡಿಗೆ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಅಳೆದು ಹೇಳಿದಂತೆ, ದೇಹದ ತೂಕ 10,000 ಪಟ್ಟು ಹೆಚ್ಚಾದರೆ ಅದು ಉರಿಸುವ ಶಕ್ತಿ ಸುಮಾರು 1,000 ಪಟ್ಟು ಮಾತ್ರ ಹೆಚ್ಚುತ್ತದೆ. ಎಂದರೆ ಕಿಲೋವೊಂದಕ್ಕೆ ಬೇಕಾದದ್ದು ಹತ್ತನೆಯ ಒಂದು. ತಿನ್ನುವವನು ತಿನ್ನಿಸಿಕೊಳ್ಳುವವನಿಗಿಂತ 10,000 ಪಟ್ಟು ಭಾರವಾಗಿದ್ದರೆ, ಅವನಿಗೆ ಸಿಗುವ ಆಹಾರವೂ ಹತ್ತನೆಯ ಒಂದು, ಅವನ ಪ್ರತಿ ಕಿಲೋ ದೇಹಕ್ಕೆ ಬೇಕಾದದ್ದೂ ಹತ್ತನೆಯ ಒಂದು. ಎರಡೂ ಸರಿದೂಗಿ ಒಟ್ಟು ತೂಕ ಕೆಳಗಿನ ಹಂತದಷ್ಟೇ ನಿಲ್ಲುತ್ತದೆ. ಈ ಅಂತರ 10,000ಕ್ಕಿಂತ ಕಡಿಮೆಯಿರುವ ಕಡೆ ಮೇಲುಮೇಲಕ್ಕೆ ಹೋದಂತೆ ತೂಕ ನಿಧಾನವಾಗಿ ಇಳಿಯುತ್ತದೆ. ನನಗೆ ಇದು ಜೀವವಿಜ್ಞಾನದ ಅತ್ಯಂತ ಸುಂದರವಾದ ಲೆಕ್ಕಗಳಲ್ಲೊಂದು. ಸಮುದ್ರದಲ್ಲಿ ಆಹಾರ ತಯಾರಿಸುವ ಜೀವಿಗಳ ತೂಕಕ್ಕಿಂತ ಅದನ್ನು ತಿಂದು ಬದುಕುವವುಗಳ ಒಟ್ಟು ತೂಕ ಹೆಚ್ಚು, ಇಂಗಾಲದ ಲೆಕ್ಕದಲ್ಲಿ ಸುಮಾರು ಐದು ಪಟ್ಟು, ಎಂಬ ನಂಬಲು ಕಷ್ಟವಾಗುವ ಸಂಗತಿಗೂ ಇದರಲ್ಲೇ ವಿವರಣೆ ಇದೆ: ಬುಡದಲ್ಲಿರುವ ಜೀವಿಗಳು ಸಣ್ಣವು, ಬೇಗ ಹುಟ್ಟಿ ಬೇಗ ತಿನ್ನಿಸಿಕೊಳ್ಳುವವು, ಮೇಲಿನವು ನಿಧಾನವಾಗಿ ಕೂಡಿಟ್ಟುಕೊಳ್ಳುವವು.

ನೀಲಿ ತಿಮಿಂಗಿಲ ಈ ಮೆಟ್ಟಿಲುಗಳನ್ನು ಹಾರಿ ನಿಂತ ಪ್ರಾಣಿ. ನೂರು ಟನ್ನಿಗೂ ಮೀರಿದ ಅದು ಒಂದೆರಡು ಗ್ರಾಂ ತೂಗುವ ಕ್ರಿಲ್ ಎಂಬ ಸೀಗಡಿಯಂತಹ ಪ್ರಾಣಿಯನ್ನು ತಿನ್ನುತ್ತದೆ, ಅಂತರ ಕೋಟಿಗಟ್ಟಲೆ ಪಟ್ಟು. ಒಂದೊಂದಾಗಿ ಹಿಡಿಯದೆ ಹಿಂಡನ್ನೇ ಸೋಸುವುದರಿಂದ ಅದಕ್ಕೆ ಇದು ಸಾಧ್ಯ. ನಿಮ್ಮ ಕೆರೆಯ ಕಟ್ಲಾ ಮಾಡುವುದೂ ಅದೇ ಕೆಲಸವನ್ನು.

ಇನ್ನೊಂದು ಮಾತು: ಮೀನು ಹುಟ್ಟಿನಿಂದ ಸಾವಿನವರೆಗೆ ಒಂದೇ ಗಾತ್ರದ ಪ್ರಾಣಿಯಲ್ಲ. ಕಟ್ಲಾ ಮೊಟ್ಟೆಯೊಡೆದು ಬಂದಾಗ ಅಕ್ಕಿಕಾಳಿನಷ್ಟಿರುತ್ತದೆ, ಬೆಳೆದಾಗ ಹತ್ತಾರು ಕಿಲೋ ತೂಗಬಲ್ಲದು. ಮರಿ ಸಾಕುವ ಕೊಳಗಳಲ್ಲಿ ಮರಿ ಬಿಡುವ ಮೊದಲು ಎಣ್ಣೆ ಮತ್ತು ಸೋಪಿನ ಮಿಶ್ರಣವನ್ನು ನೀರಿನ ಮೇಲೆ ಹರಡುವುದನ್ನು ನೀವು ಕಂಡಿರಬಹುದು. ಗಾಳಿಗಾಗಿ ಮೇಲೆ ಬರುವ ನೀರುತಿಗಣೆ, ನೀರುಜೀರುಂಡೆಗಳನ್ನು ಉಸಿರುಗಟ್ಟಿಸುವ ಉಪಾಯ ಅದು, ಏಕೆಂದರೆ ಆ ಕೀಟಗಳು ಮೊದಲ ವಾರಗಳ ಮೀನುಮರಿಯನ್ನು ಹಿಡಿದು ತಿನ್ನುತ್ತವೆ. ಮರಿ ಬೆರಳುದ್ದ ಆದ ಮೇಲೆ ಈ ಕೀಟಗಳ ಭಯವಿಲ್ಲ. ಅದೇ ಎರಡು ಜಾತಿಗಳ ನಡುವೆ, ಯಾರು ಬೇಟೆಗಾರ ಯಾರು ಬೇಟೆ ಎಂಬುದನ್ನು ಆ ದಿನದ ಗಾತ್ರ ತೀರ್ಮಾನಿಸುತ್ತದೆ. ನೀರಿನಲ್ಲಿ ಹೆಸರಿಗಿಂತ ಗಾತ್ರ ಮುಖ್ಯ ಎಂದು ನಾನು ಮೊದಲೇ ಹೇಳಿದ್ದು ಈ ಅರ್ಥದಲ್ಲಿ.

ತಿನ್ನುವುದರ ಹೊರತಾಗಿ ಗಾತ್ರವನ್ನು ಆಳುವ ಮತ್ತೊಂದು ಶಕ್ತಿ ಶಾಖ. ತಣ್ಣನೆಯ ರಕ್ತದ ಪ್ರಾಣಿಗಳು ಬೆಚ್ಚಗಿನ ವಾತಾವರಣದಲ್ಲಿ ಬೇಗ ಬೆಳೆದರೂ ಕೊನೆಗೆ ಸಣ್ಣ ಗಾತ್ರಕ್ಕೇ ನಿಲ್ಲುತ್ತವೆ ಎಂಬುದನ್ನು ಡೇವಿಡ್ ಅಟ್ಕಿನ್ಸನ್ 1994ರಲ್ಲಿ ಹಲವಾರು ಅಧ್ಯಯನಗಳನ್ನು ಕೂಡಿಸಿ ತೋರಿಸಿದರು. 2012ರಲ್ಲಿ ಅವರೂ ಸೇರಿದ ತಂಡ 169 ಜಾತಿಗಳ ಮಾಹಿತಿಯನ್ನು ಹೋಲಿಸಿದಾಗ, ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಹೆಚ್ಚಿದರೆ ಕುಗ್ಗುವ ಪ್ರಮಾಣ ನೀರಿನ ಪ್ರಾಣಿಗಳಲ್ಲಿ ಸುಮಾರು ಶೇ. 5, ನೆಲದ ಪ್ರಾಣಿಗಳಲ್ಲಿ ಸುಮಾರು ಶೇ. 0.5 ಎಂದು ಕಂಡಿತು. ಈ ಹತ್ತು ಪಟ್ಟು ವ್ಯತ್ಯಾಸಕ್ಕೆ ಅವರು ಕೊಟ್ಟ ವಿವರಣೆ ಆಮ್ಲಜನಕ. ಸೊನ್ನೆ ಡಿಗ್ರಿಯ ಸಿಹಿನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯ ನೀರು ಸುಮಾರು 7.5 ಮಿಲಿಗ್ರಾಂ ಮಾತ್ರ. ಅದೇ ಶಾಖ ಪ್ರಾಣಿಯ ಆಮ್ಲಜನಕದ ಅಗತ್ಯವನ್ನು ಹೆಚ್ಚಿಸುತ್ತದೆ. ಮೈ ದೊಡ್ಡದಾದಂತೆ ಒಳಗಿನ ಪ್ರತಿ ಜೀವಕೋಶಕ್ಕೂ ಉಸಿರು ತಲುಪಿಸುವುದು ಕಷ್ಟ. ಶಾಪೆಲ್ ಮತ್ತು ಪೆಕ್ 1999ರಲ್ಲಿ ಆಂಫಿಪಾಡ್ ಎಂಬ ಸೀಗಡಿಯಂತಹ ಪ್ರಾಣಿಗಳನ್ನು ಅಂಟಾರ್ಕ್ಟಿಕಾದಿಂದ ಉಷ್ಣವಲಯದವರೆಗೆ ಹೋಲಿಸಿ, ನೀರಿನಲ್ಲಿ ಆಮ್ಲಜನಕ ಹೆಚ್ಚಿದಷ್ಟೂ ಅಲ್ಲಿಯ ಅತಿದೊಡ್ಡ ಜಾತಿಯ ಗಾತ್ರ ಹೆಚ್ಚುವುದನ್ನು ಕಂಡರು. ಸಿಹಿನೀರಿನ ಬೈಕಲ್ ಸರೋವರದಲ್ಲಿ, ಅಷ್ಟೇ ತಂಪಿನ ಸಮುದ್ರಕ್ಕಿಂತಲೂ ದೊಡ್ಡವು ಇದ್ದವು. ಸಿಹಿನೀರು ಉಪ್ಪುನೀರಿಗಿಂತ ಹೆಚ್ಚು ಆಮ್ಲಜನಕ ಹಿಡಿಯುತ್ತದೆ. ಆಮ್ಲಜನಕವೊಂದೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ವಾದ ನಡೆದೇ ಇದೆ. ಆದರೆ ಬೇಸಿಗೆಯ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವಾಗ ಮೊದಲು ಸಾಯುವುದು ದೊಡ್ಡ ಮೀನುಗಳೇ ಎಂದು ಮೀನು ಸಾಕುವವರು ಹೇಳುವುದನ್ನು ನಾನು ಅನೇಕ ಕಡೆ ಕೇಳಿದ್ದೇನೆ. ತಿಮಿಂಗಿಲ ಅಷ್ಟು ದೊಡ್ಡದಾಗಿರುವುದಕ್ಕೆ ಅದು ನೀರನ್ನಲ್ಲ, ಗಾಳಿಯನ್ನು ಉಸಿರಾಡುತ್ತದೆ ಎಂಬುದೂ ಒಂದು ಕಾರಣವೆಂದು ಪರಿಗಣಿಸಬೇಕು.

ಸಮುದ್ರದ ಬಗ್ಗೆ ಕೇಳಿದ್ದೀರಿ. ಅಲ್ಲಿ ಈ ಲೆಕ್ಕವನ್ನು ಕೆಡಿಸುತ್ತಿರುವವರು ನಾವು. ಸಮುದ್ರದ ಬೇಟೆಗಾರರು ತಮಗಿಂತ ಬಹಳ ಸಣ್ಣದನ್ನು ತಿನ್ನುತ್ತಾರೆ. ಒಮ್ಮೆ ದೊಡ್ಡದಾಗಿ ಬೆಳೆದ ಮೀನಿಗೆ ಶತ್ರುಗಳು ಕಡಿಮೆ. ಬಲೆಯ ಕಣ್ಣು ಇದಕ್ಕೆ ವಿರುದ್ಧವಾಗಿ ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿಯುತ್ತದೆ, ಮಾರುಕಟ್ಟೆಯೂ ದೊಡ್ಡದಕ್ಕೇ ಹೆಚ್ಚು ಬೆಲೆ ಕೊಡುತ್ತದೆ. ದೊಡ್ಡ ಮೀನಿನ ನಷ್ಟ ಬರೀ ತೂಕದ ನಷ್ಟವಲ್ಲ. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 30 ಕಿಲೋ ತೂಗುವ ಒಂದು ಅಟ್ಲಾಂಟಿಕ್ ಕಾಡ್ ಮೀನು, ತಲಾ 2 ಕಿಲೋದ 28 ಮೀನುಗಳು ಒಟ್ಟಾಗಿ ಇಡುವುದಕ್ಕಿಂತಲೂ ಹೆಚ್ಚು ಮೊಟ್ಟೆ ಇಡುತ್ತದೆ. ಡೇವಿಡ್ ಕೊನೊವರ್ ಮತ್ತು ಸ್ಟೀಫನ್ ಮಂಚ್ ಅಟ್ಲಾಂಟಿಕ್ ಸಿಲ್ವರ್‌ಸೈಡ್ ಎಂಬ ಪುಟ್ಟ ಮೀನನ್ನು ತೊಟ್ಟಿಗಳಲ್ಲಿ ಸಾಕಿ, ಕೆಲವು ತೊಟ್ಟಿಗಳಲ್ಲಿ ಪ್ರತಿ ತಲೆಮಾರಿನಲ್ಲೂ ಅತಿದೊಡ್ಡ ಶೇ. 90ರಷ್ಟನ್ನು, ಬೇರೆ ಕೆಲವು ತೊಟ್ಟಿಗಳಲ್ಲಿ ಅತಿಸಣ್ಣ ಶೇ. 90ರಷ್ಟನ್ನು ತೆಗೆಯುತ್ತ ಹೋದರು. ನಾಲ್ಕೇ ತಲೆಮಾರಿನಲ್ಲಿ ದೊಡ್ಡವನ್ನು ಕಳೆದುಕೊಂಡ ತೊಟ್ಟಿಗಳ ಮೀನುಗಳ ಸರಾಸರಿ ತೂಕ ಇನ್ನೊಂದು ಗುಂಪಿನ ಸುಮಾರು ಅರ್ಧಕ್ಕೆ ಬಂದಿತ್ತು. 2002ರ ಈ ಪ್ರಯೋಗವನ್ನು ನಾನು ಮರೆಯಲಾರೆ. ಬೀಜಕ್ಕೆಂದು ಕಾಳು ತುಂಬಿದ ಒಳ್ಳೆಯ ತೆನೆಯನ್ನು ಎತ್ತಿಡುವುದು ನಮ್ಮ ರೈತರಿಗೆ ಗೊತ್ತು. ಸಮುದ್ರದಲ್ಲಿ ನಾವು ಒಳ್ಳೆಯ ತೆನೆಯನ್ನೆಲ್ಲ ಕೊಯ್ದು ಜೊಳ್ಳನ್ನು ಬೀಜಕ್ಕೆ ಬಿಡುತ್ತಿದ್ದೇವೆ. ಹ್ಯಾಟನ್ ತಂಡದ ಅಂದಾಜಿನಂತೆ 10 ಗ್ರಾಮಿಗಿಂತ ಹೆಚ್ಚು ತೂಗುವ ಮೀನುಗಳೂ ಸಮುದ್ರದ ಸಸ್ತನಿಗಳೂ ಸೇರಿ ಹಿಂದಿನ ತೂಕದ ಸುಮಾರು ಶೇ. 60ರಷ್ಟು ಕಳೆದುಹೋಗಿದೆ, ಅತಿದೊಡ್ಡ ತಿಮಿಂಗಿಲಗಳ ಮೆಟ್ಟಿಲಿನಲ್ಲಿ ಇದು ಶೇ. 90ರ ಹತ್ತಿರ.

ನಮ್ಮ ಕರಾವಳಿಯ ಕಥೆ ಸ್ವಲ್ಪ ಬೇರೆ. ಮಂಗಳೂರು, ಮಲ್ಪೆಗಳ ಮುಖ್ಯ ಮೀನುಗಳಾದ ಬೂತಾಯಿ ಮತ್ತು ಬಂಗುಡೆ ಮೊದಲೇ ಸಣ್ಣ ಮೀನುಗಳು, ಪ್ಲವಕ ತಿಂದು ಎರಡು ಮೂರು ವರ್ಷ ಬದುಕುವವು. ಅವುಗಳನ್ನು ತಿನ್ನುವ ಅಂಜಲ್‌ನಂತಹವು ಮೇಲಿನ ಮೆಟ್ಟಿಲಿನಲ್ಲಿವೆ. ಇಲ್ಲಿಯ ಮುಖ್ಯ ಆತಂಕ, ಸಣ್ಣ ಕಣ್ಣಿನ ಬಲೆಯಲ್ಲಿ ಎರಡೂ ಮೆಟ್ಟಿಲುಗಳ ಮೀನುಮರಿಗಳು ಬಲಿಯುವ ಮೊದಲೇ ಸಿಕ್ಕಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವುದು. ಕೇರಳ 2015ರಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ಹಿಡಿಯಬಹುದಾದ ಕನಿಷ್ಠ ಉದ್ದವನ್ನು ನಿಗದಿ ಮಾಡಿತು. ಜಾತಿಗೊಂದು ಅಳತೆ ಎಂಬ ಈ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ, ಆದರೆ ಕನಿಷ್ಠ ಉದ್ದದ ಜೊತೆಗೆ ಅತಿದೊಡ್ಡ ತಾಯಿಮೀನುಗಳನ್ನೂ ಉಳಿಸುವ ಯೋಚನೆ ಬೇಕು.

ಮತ್ತೆ ನಿಮ್ಮ ಕೆರೆಗೆ ಬರೋಣ. ನೀರು ಹಸಿರಾದದ್ದಕ್ಕೆ ಮೀನೊಂದೇ ಕಾರಣವೆಂದು ಹೇಳಲಾರೆ. ದೊಡ್ಡ ಡಾಫ್ನಿಯಾವೊಂದು ದಿನಕ್ಕೆ ಹತ್ತಾರು ಮಿಲಿಲೀಟರ್ ನೀರನ್ನು ಸೋಸಿ ಪಾಚಿಯನ್ನು ತಿನ್ನಬಲ್ಲದು, ಪುಟ್ಟ ಬೊಸ್ಮಿನಾಕ್ಕೆ ಅದರ ಸಣ್ಣದೊಂದು ಪಾಲು ಮಾತ್ರ ಸಾಧ್ಯ. ಆದ್ದರಿಂದ ದೊಡ್ಡವು ಹೋದಾಗ ಪಾಚಿಗೆ ಕಡಿವಾಣ ತಪ್ಪುವುದು ನಿಜ. ಆದರೆ ಹೊಲಗಳ ಗೊಬ್ಬರ, ಊರ ಬಚ್ಚಲ ನೀರು, ಮೀನಿಗೆಂದು ಸುರಿದ ಸಗಣಿ ಇವೆಲ್ಲ ಪಾಚಿಗೆ ಮೇವು. ತಂಪು ದೇಶಗಳ ಕೆಲವು ಸರೋವರಗಳಲ್ಲಿ ಪ್ಲವಕ ತಿನ್ನುವ ಮೀನನ್ನು ಕಡಿಮೆ ಮಾಡಿ ನೀರನ್ನು ತಿಳಿಯಾಗಿಸಿದ್ದುಂಟು. ಅದನ್ನು ನೋಡಿ ನಿಮ್ಮ ಕೆರೆಯ ಮೀನು ತೆಗೆಸಿ ಎಂದು ನಾನು ಹೇಳುವುದಿಲ್ಲ. ಅದು ಊರಿನ ಆದಾಯ ಮತ್ತು ಆಹಾರ, ಜೊತೆಗೆ ಜಿಲೇಬಿ ಮೀನು ಒಮ್ಮೆ ಸೇರಿದ್ದರೆ ಪೂರ್ತಿ ತೆಗೆಯುವುದು ಆಗದ ಮಾತು. ಬಿಡುವ ಮರಿಗಳ ಸಂಖ್ಯೆಯನ್ನು ಕೆರೆಯ ಹರವಿಗೆ ತಕ್ಕಂತೆ ಇಟ್ಟುಕೊಳ್ಳುವುದು ಮತ್ತು ಬಚ್ಚಲ ನೀರು ಕೆರೆಗೆ ಬರದಂತೆ ನೋಡಿಕೊಳ್ಳುವುದು, ಇವೆರಡನ್ನು ಗುತ್ತಿಗೆದಾರರೊಂದಿಗೆ ಮಾತನಾಡಿ ಮಾಡಬಹುದು.

ದೊಡ್ಡವು ನಿಜವಾಗಿ ಕಾಣೆಯಾಗಿವೆಯೇ ಎಂಬುದನ್ನು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮೀನಿರುವ ನೀರಿನಲ್ಲಿ ದೊಡ್ಡ ಪ್ಲವಕಗಳು ಹಗಲೆಲ್ಲ ಕತ್ತಲಿರುವ ತಳದಲ್ಲಿ ಅಡಗಿದ್ದು ರಾತ್ರಿ ಮೇಲೆ ಬರುತ್ತವೆ. ಆದ್ದರಿಂದ ಅಮಾವಾಸ್ಯೆಯ ಆಸುಪಾಸಿನಲ್ಲಿ, ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ, ತೂಬಿನ ಬಳಿ ಆಳವಿರುವ ಕಡೆಯಿಂದ ಹತ್ತು ಬಿಂದಿಗೆ ನೀರನ್ನು ತೆಳುವಾದ ಹಳೆಯ ಪಂಚೆಯಲ್ಲಿ ಸೋಸಿ. ಅದೇ ಜಾಗದಲ್ಲಿ ಮರುದಿನ ಮಧ್ಯಾಹ್ನ ಮತ್ತೆ ಹತ್ತು ಬಿಂದಿಗೆ. ಕತ್ತಲಲ್ಲಿ ನೀರಿಗಿಳಿಯಬೇಡಿ, ಏರಿಯ ಮೇಲಿಂದ ಹಗ್ಗ ಕಟ್ಟಿ ಬಿಂದಿಗೆ ಇಳಿಸಿದರೆ ಸಾಕು, ಜೊತೆಗೊಬ್ಬರಿರಲಿ. ಪಂಚೆಯಲ್ಲಿ ಉಳಿದದ್ದನ್ನು ಒಂದು ಲೋಟ ನೀರಿಗೆ ತೊಳೆದುಕೊಂಡು ಮಗಳ ಸೂಕ್ಷ್ಮದರ್ಶಕದಲ್ಲಿ ನೋಡಿ. ಅಳತೆಗೆ, ಮೊದಲು ಪಾರದರ್ಶಕ ಸ್ಕೇಲನ್ನು ಅತಿ ಕಡಿಮೆ ವರ್ಧನೆಯಲ್ಲಿಟ್ಟು ಕಾಣುವ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳಲಿ. ಆಮೇಲೆ ಪ್ರತಿ ಪ್ರಾಣಿ ಆ ವೃತ್ತದ ಎಷ್ಟನೆಯ ಪಾಲು ಎಂದು ನೋಡಿದರೆ ಉದ್ದ ಸಿಗುತ್ತದೆ. ಎದುರಿಗೆ ಸಿಕ್ಕ ಮೊದಲ ನೂರು ಪ್ರಾಣಿಗಳನ್ನು, ಚೆಂದದವನ್ನು ಆರಿಸದೆ, ಸಾಲಾಗಿ ಅಳೆಯಬೇಕು. ಉದ್ದವನ್ನು ತಲೆಯ ತುದಿಯಿಂದ ಚಿಪ್ಪಿನ ಅಂಚಿನವರೆಗೆ ಮಾತ್ರ ಹಿಡಿಯಬೇಕು, ಬಾಲದ ಮುಳ್ಳನ್ನು ಸೇರಿಸಬಾರದು.